ಸವಕಳಿ ನಿಧಿ

ಪದ್ಮಶ್ರೀ ನಕ್ಕಿದ್ದು ಕದಿರೇಶನನ್ನು ನೋಡಿ ಅಲ್ಲ, ಲ್ಯಾಪ್‌ಟಾಪಿನ ಪರದೆ ನೋಡಿ. ಅಷ್ಟು ಅವನಿಗೂ ಗೊತ್ತಾಯಿತು. ಆದರೂ ಆ ನಗು ತನ್ನ ಶರಟಿನ ಗುಂಡಿ ಬಿಚ್ಚಿಕೊಂಡಿದ್ದನ್ನು ಯಾರೋ ಕಂಡುಬಿಟ್ಟ ಹಾಗೆ ಬಂದು ತಗುಲಿ, ಅವನ ಕೈ ತಾನಾಗಿ ಎದೆಯ ಹತ್ತಿರ ಹೋಯಿತು. ಗುಂಡಿ ಸರಿಯಾಗಿಯೇ ಇತ್ತು. ಕೋಲಾರದ ಆಡಿಟರ್ ಆಫೀಸಿನಿಂದ ಬೆಳಿಗ್ಗೆಯ ಬಸ್ಸಿಗೆ ಬಂದಿಳಿದ ಹುಡುಗಿ. ಇಪ್ಪತ್ನಾಲ್ಕು ಇದ್ದರೆ ಹೆಚ್ಚು. ಶ್ರೀನಿವಾಸಪುರದ ಈ ಮಾವು ಬೆಳೆಗಾರರ ಕಂಪನಿಯ ಹಳೆಯ ಲೆಕ್ಕವನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ತುಂಬಿ, ಸಾಯಂಕಾಲ ನಾಲ್ಕರೊಳಗೆ ನಗದು ಹರಿವಿನ ಪಟ್ಟಿಯೊಂದನ್ನು ಬ್ಯಾಂಕಿಗೆ ಕಳಿಸಬೇಕಿತ್ತು. ಅದನ್ನು ನೋಡಿಯೇ ಹಣ್ಣಿಡುವ ಶೀತಲ ಕೋಣೆಗೆ ಸಾಲ ಕೊಡುತ್ತೇವೆ ಎಂದಿದ್ದರು ಬ್ಯಾಂಕಿನವರು. ಹೊರಗೆ ತೋತಾಪುರಿ ತುಂಬಿದ ಟ್ರಾಕ್ಟರುಗಳು ಸಾಲುಗಟ್ಟಿದ್ದವು. ಹಣ್ಣಿನ ತಿರುಳು ತೆಗೆಯುವ ಯಂತ್ರ ಹಿಂದಿನ ಶೆಡ್ಡಿನಲ್ಲಿ ಗೊರಗೊರ ಎನ್ನುತ್ತಿತ್ತು. ನೊಣಗಳು ಬೇರೆ.

“ಸರ್, ಇದ್ಯಾರ್ ಸರ್ ಸವಕಳೀನ ತಗೊಂಡೋಗಿ ಕ್ಯಾಶಲ್ಲಿ ಕೂರ್ಸಿರೋದು?”

“ಯಾವ್ದಮ್ಮ?” ಎಂದ ಕದಿರೇಶ. ಯಾವುದು ಎಂದು ಕೇಳುವಾಗಲೇ ಅವನಿಗೆ ಯಾವುದು ಎಂದು ಗೊತ್ತಿತ್ತು.

“ಇಲ್ನೋಡಿ. ‘ಸವಕಳಿ ನಿಧಿ.’ ಕೈನಗದು ಅನ್ನೋ ಗುಂಪಲ್ಲಿದೆ. ಎರಡು ಲಕ್ಷದ ಹದಿನಾಲ್ಕು ಸಾವಿರದ ಆರ್ನೂರು. ಎರಡ್ ವರ್ಷದ್ ಹಿಂದಿಂದು.”

“ಹಳೇದಿರ್ಬೇಕು. ಆಗ ಯಾರ್ಯಾರೋ ಇದ್ರು,” ಎಂದ. ಪರದೆಯ ಮೂಲೆಯಲ್ಲಿ, ಖಾತೆ ತೆರೆದವರು ಎನ್ನುವ ಕಡೆ, ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಅವನ ಹೆಸರೇ ಇತ್ತು. ಹುಡುಗಿ ಅದನ್ನು ನೋಡಿಯೂ ನೋಡದ ಹಾಗೆ ಪುಟ ಸರಿಸಿದಳು. ಆ ಮರ್ಯಾದೆ ನಗುವಿಗಿಂತ ಕೆಟ್ಟದಾಗಿತ್ತು. ಆಮೇಲೆ ಅವಳು, ಪಾಪ, ಹಿರಿಯ ಮನುಷ್ಯನಿಗೆ ತಿಳಿಯಲಿ ಎಂದು ವಿವರಿಸಲು ಶುರುಮಾಡಿದಳು. ಸವಕಳಿ ಅಂದ್ರೆ ದುಡ್ಡೇ ಅಲ್ಲ ಸರ್. ಮೆಷಿನ್ ಸವೀತು ಅಂತ ಲಾಭದಲ್ಲಿ ಕಳೀತೀವಿ, ಆದ್ರೆ ಯಾರ್ ಕೈಗೂ ಕೊಟ್ಟಿಲ್ವಲ್ಲ, ಅದಕ್ಕೇ ನಗದಿನ ಪಟ್ಟೀಲಿ ಅಷ್ಟನ್ನೂ ವಾಪಸ್ ಕೂಡ್ಸೋದು. ಅದನ್ನ ಸಾಫ್ಟ್‌ವೇರೇ ಮಾಡತ್ತೆ. ಇಲ್ಲಿ ಅದೂ ಕೂಡಿದೆ, ಈ ನಿಧೀನೂ ಕೂಡಿದೆ. ಒಂದೇ ಸವಕಳಿ ಎರಡ್ ಸಲ ಸರ್. ಕದಿರೇಶ ತಲೆಯಾಡಿಸಿದ. ಇಪ್ಪತ್ತೇಳು ವರ್ಷದಿಂದ ಇದೇ ಕೆಲಸ. ಲಕ್ಕೂರಿನಿಂದ ಸೈಕಲ್ ತುಳಿದುಕೊಂಡು ಮಾಲೂರಿನ ಹೆಂಚಿನ ಕಾರ್ಖಾನೆಗೆ ಗುಮಾಸ್ತನಾಗಿ ಸೇರಿದ ದಿನವೇ ಅಲ್ಲಿನ ಯಜಮಾನ, ಬಿ.ಕಾಂ. ಕೊನೆಯ ವರ್ಷದಲ್ಲಿ ಅಕೌಂಟ್ಸೇ ಡುಮ್ಕಿ ಹೊಡೆದದ್ದನ್ನು ಅಂಕಪಟ್ಟಿಯಲ್ಲಿ ಕಂಡು, “ಬಾರಯ್ಯ ಅರ್ಧ ಬಿ.ಕಾಂ.” ಎಂದಿದ್ದ. ಆಮೇಲೆ ಕದಿರೇಶ ಅದನ್ನು ಕಟ್ಟಿ ಪಾಸು ಮಾಡಿದ. ಹೆಸರು ಮಾತ್ರ ಆರು ವರ್ಷ ಹಾಗೇ ಉಳಿಯಿತು. ಸವಕಳಿ ದುಡ್ಡಲ್ಲ ಎನ್ನುವುದು ಅವನಿಗೆ ಗೊತ್ತಿಲ್ಲದೆ ಏನು? ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದ. ರಾಯಲ್ಪಾಡಿನ ಡೈರೆಕ್ಟರು ಕೋದಂಡರಾಮಪ್ಪ ಎರಡು ವರ್ಷದ ಹಿಂದೆ ಮೀಟಿಂಗಿನಲ್ಲಿ ಟೇಬಲ್ಲಿಗೆ ಬೆರಳು ಊರಿ, “ಆ ಡಬ್ಬು ಎಕ್ಕಡ ಪೆಟ್ಟಿನಾವಯ್ಯಾ?” ಎಂದು ಕೇಳಿದ್ದರು. ಆ ದುಡ್ಡು ಎಲ್ಲಿಟ್ಟಿದೀಯಯ್ಯಾ? “ನಮ್ಮ ಬೋರಿನ ಮೋಟರ್ ಸುಟ್ಟೋದ್ರೆ ಇರ್ಲಿ ಅಂತ ನಮ್ಮನೆಯವ್ಳು ವರ್ಷಕ್ಕಿಷ್ಟು ಅಂತ ರಾಗಿ ಡಬ್ಬೀಲಿ ತೆಗ್ದಿಡ್ತಾಳೆ. ನೀನು ಮೆಷಿನ್ ಸವೀತು ಅಂತ ನಮ್ಮ ಲಾಭದಲ್ಲಿ ಎರಡು ಲಕ್ಷ ಮುರ್ಕೊಂಡಿದೀಯ. ಮುರ್ಕೊಂಡಿದ್ದು ಎಲ್ಲೂ ಇಲ್ಲ ಅಂತೀಯಲ್ಲ, ಏನ್ಲಾ ಇದು?” ಸುತ್ತ ಕೂತ ಹನ್ನೊಂದು ಜನ ಡೈರೆಕ್ಟರುಗಳೂ ಹೌದಲ್ಲ, ಹೌದಲ್ಲ ಎಂದಿದ್ದರು. ಅವರ ಪಾಲಿಗೆ ಸವಕಳಿ ಎಂದರೆ ಡಬ್ಬಿಯಲ್ಲಿ ಇಡುವ ದುಡ್ಡು. ಕದಿರೇಶ ಎರಡು ಸಲ ಬಿಡಿಸಿ ಹೇಳಲು ಹೋಗಿದ್ದ. ಮೂರನೆಯ ಸಲಕ್ಕೆ ಯಾರೋ ಹಿಂದಿನಿಂದ “ಇವ್ನಿಗೇ ಗೊತ್ತಿಲ್ಲ ಬಿಡ್ರಿ” ಎಂದರು. ಅಷ್ಟು ಸಾಕಾಯಿತು. ಅಧ್ಯಕ್ಷ ಚನ್ನರಾಯಪ್ಪ ಆಕಳಿಸುತ್ತ, “ಒಂದ್ ನಿಧಿ ಅಂತ ಮಾಡಾಕೋ ಮಾರಾಯ, ಅವ್ರ್ ಕಣ್ಣಿಗೆ ಕಾಣ್ಬೇಕು ಅಷ್ಟೇ, ಊಟಕ್ಕೆ ಹೊತ್ತಾಯ್ತು,” ಎಂದಿದ್ದ. ಖರ್ಚಿಗೆ ಸವಕಳಿ ಬರೆದು ಯಂತ್ರದ ಬೆಲೆ ಇಳಿಸಿದ ಮೇಲೆ, ಅವರ ಸಮಾಧಾನಕ್ಕೆಂದು ಅಷ್ಟೇ ಮೊತ್ತಕ್ಕೆ ಇನ್ನೊಂದು ಎಂಟ್ರಿ. ಹೊಸ ಖಾತೆ ಯಾವ ಗುಂಪಿಗೆ ಎಂದು ಆಗಿನ ಸಾಫ್ಟ್‌ವೇರು ಕೇಳಿತು. ಡೈರೆಕ್ಟರುಗಳು ಓದುವುದು ಕೈನಗದಿನ ಸಾಲೊಂದನ್ನೇ. ಕೈನಗದು ಎಂದು ಒತ್ತಿದ.

“ಗುಂಪು ಬದಲಾಯ್ಸಿದೆ, ಸರಿಹೋಯ್ತು,” ಎಂದಳು ಪದ್ಮಶ್ರೀ. ಎರಡು ನಿಮಿಷವೂ ಆಗಿರಲಿಲ್ಲ. ಕದಿರೇಶ ಉಸಿರು ಬಿಟ್ಟ. ಅಷ್ಟರಲ್ಲಿ ಅವಳು ಪೆನ್ನಿನ ತುದಿ ಕಚ್ಚಿ, “ಆದ್ರೆ ಸರ್,” ಎಂದಳು. “ಆ ವರ್ಷ ದುಡ್ಡಿನ ಬೀರು ಎಣಿಸಿದಾಗ ಲೆಕ್ಕಕ್ಕೂ ನೋಟಿಗೂ ಸರಿಹೋಗಿದೆ ಅಂತ ಚೇರ್ಮನ್ ಸೈನ್ ಮಾಡಿದಾರೆ. ಹೆಂಗ್ ಸರಿಹೋಯ್ತು? ಈ ನಿಧಿ ಬರೀ ಕಾಗ್ದದ್ದು. ಅಷ್ಟು ಕಡ್ಮೆ ಬೀಳ್ಬೇಕಿತ್ತಲ್ಲ.”

ಯಂತ್ರದ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

“ಅಂದ್ರೆ ಯಾರೋ ನಿಜವಾದ ನೋಟು ತಂದು ಒಳಗಿಟ್ಟಿದಾರೆ ಸರ್. ಎರಡು ಲಕ್ಷದ ಮೇಲೆ. ಯಾರು?”

“ಹಳೇ ಫೈಲ್ ನೋಡ್ಬೇಕಮ್ಮ,” ಎಂದು ಕದಿರೇಶ ಎದ್ದ. “ಅದು ಇಲ್ಲಿಲ್ಲ. ಮುಳಬಾಗಿಲಲ್ಲಿದೆ.”

“ಫೈಲು ಮುಳಬಾಗಿಲಲ್ಲಾ?”

“ನಾಲ್ಕರೊಳಗೆ ಬರ್ತೀನಿ. ಚೇರ್ಮನ್ ಕೇಳಿದ್ರೆ ಹೇಳು.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಿಸಿಲು ಆ ಕಡೆಗೇ ಇತ್ತು, ಅದಕ್ಕೇ ಯಾರೂ ಕೂತಿರಲಿಲ್ಲ. ಟಿಕೆಟ್ಟು ತೆಗೆದುಕೊಂಡು ಜೇಬಿಗೆ ಹಾಕಿದ, ಮತ್ತೆ ತೆಗೆದು ನೋಡಿದ, ಮತ್ತೆ ಹಾಕಿದ. ಹೋಗಿ ಹೇಳುವುದೇನು? ಹೇಳದೆ ಸಾಯಂಕಾಲದ ತನಕ ಅಲ್ಲೇ ಸುತ್ತಾಡಿ, ಫೈಲು ಸಿಗಲಿಲ್ಲ ಎಂದು ವಾಪಸು ಬಂದರೂ ನಡೆಯುತ್ತದೆ. ಆ ಹುಡುಗಿ ಯಾವುದೋ ಒಂದು ಹೆಸರು ಕೊಟ್ಟು ಸೇರಿಸುತ್ತಾಳೆ. ಎಲ್ಲ ಲೆಕ್ಕದಲ್ಲೂ ಒಂದು ಮೂಲೆ ಇರುತ್ತದೆ ಅಂಥದ್ದಕ್ಕೆ. ಮುಂದಿನ ಸೀಟಿನ ಹೆಂಗಸು ಟೊಮೆಟೊ ತುಂಬಿದ ಚೀಲವನ್ನು ಅವನ ಕಾಲಿನ ಹತ್ತಿರಕ್ಕೆ ತಳ್ಳಿ, “ಕೊಂಚಂ ಆ ಕಡೆ ಸರ್ಕೊಳ್ಳಣ್ಣಾ,” ಎಂದಳು. ಸರಿದ. ಅಜ್ಮತುಲ್ಲಾ ಕೂಡ ಹಾಗೆಯೇ ಸರಿಯುತ್ತಿದ್ದ. ಆಗ ಕಂಪನಿಯ ಕ್ಯಾಶಿಯರ್ ಆಗಿದ್ದ ಮುಳಬಾಗಿಲಿನ ಅಜ್ಮತುಲ್ಲಾ, ತೆಳ್ಳಗೆ, ಬಿಳಿ ಟೋಪಿ, ನೋಟು ಎಣಿಸುವಾಗ ಬೆರಳಿಗೆ ಎಂಜಲು ಹಚ್ಚದೆ ಒದ್ದೆ ಸ್ಪಂಜಿನ ಡಬ್ಬಿ ಇಟ್ಟುಕೊಂಡಿದ್ದವ. ಹಣ್ಣು ತಂದ ರೈತರಿಗೆ ದಿನಕ್ಕೆ ಆರೇಳು ಲಕ್ಷ ಎಣಿಸಿ ಕೊಡುತ್ತಿದ್ದ. ಬೀರು ಎಣಿಸಿದ್ದು ಏಪ್ರಿಲ್ ಎರಡನೆಯ ವಾರ. ಚನ್ನರಾಯಪ್ಪ ಕುರ್ಚಿ ಎಳೆದುಕೊಂಡು ಬೀರುವಿನ ಮುಂದೆ ಕೂತ. ಲೆಕ್ಕದಲ್ಲಿ ಐದು ಲಕ್ಷದ ಮೂವತ್ತು ಸಾವಿರ ಚಿಲ್ಲರೆ. ಬೀರುವಿನಲ್ಲಿ ಮೂರು ಲಕ್ಷದ ಹದಿನಾರು ಸಾವಿರ ಚಿಲ್ಲರೆ. ಅಜ್ಮತುಲ್ಲಾ ಮೂರು ಸಲ ಎಣಿಸಿದ. ನಾಲ್ಕನೆಯ ಸಲ ಕದಿರೇಶ ಎಣಿಸಿದ. ಎರಡು ಲಕ್ಷದ ಹದಿನಾಲ್ಕು ಸಾವಿರದ ಇನ್ನೂರ ಐವತ್ತು ಕಡಿಮೆ. “ಕಂಪ್ಯೂಟರ್ ಏನ್ ಸಾರ್ ಹೇಳ್ತದೆ?” ಎಂದು ಅಜ್ಮತುಲ್ಲಾ ಕೇಳಿದ. ಇದನ್ನೇ ಹೇಳ್ತದೆ ಎಂದು ಕದಿರೇಶ ಪರದೆ ತಿರುಗಿಸಿ ತೋರಿಸಿದ. “ಹಾಗಾದ್ರೆ ನಂದೇ ತಪ್ಪು,” ಎಂದ ಆ ಮನುಷ್ಯ. ಅಷ್ಟೇ. ಜಗಳವಿಲ್ಲ, ಆಣೆ ಪ್ರಮಾಣವಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು; ಎಲ್ಲಿ ತೋರ್ಸಿ ನಿಮ್ ಲೆಕ್ಕ, ಒಂದೊಂದೇ ಸಾಲು ಓದಿ ಎಂದು ಮೇಲೆ ಬಿದ್ದಿದ್ದರೆ ಅರ್ಧ ಗಂಟೆಯಲ್ಲಿ ನಿಧಿ ಸಿಕ್ಕಿಬೀಳುತ್ತಿತ್ತು. ಹದಿನೈದು ದಿನಕ್ಕೆ ಬಟ್ಟೆಯ ಚೀಲದಲ್ಲಿ ಐನೂರರ ಕಟ್ಟು ತಂದು ಮೇಜಿನ ಮೇಲಿಟ್ಟ. ಎಣಿಸಿಕೊಂಡವನು ಕದಿರೇಶನೇ. ಚನ್ನರಾಯಪ್ಪ ಅಜ್ಮತುಲ್ಲಾನ ಬೆನ್ನು ತಟ್ಟಿ, “ಮನುಷ್ಯ ಅಂದ್ಮೇಲೆ ಆಗತ್ತೆ ಸಾಬ್ರೇ, ನಾವೇನ್ ಪೊಲೀಸ್ಗೆ ಹೋಗಿಲ್ವಲ್ಲ,” ಎಂದ. ಮಾರನೆಯ ದಿನದಿಂದ ಅಜ್ಮತುಲ್ಲಾ ಕೆಲಸಕ್ಕೆ ಬರಲಿಲ್ಲ.

ಇನ್ನೂರ ಐವತ್ತು. ಕದಿರೇಶ ಎರಡು ವರ್ಷದಿಂದ ಆತುಕೊಂಡಿರುವುದು ಅದನ್ನೇ. ನಿಧಿಯಲ್ಲಿ ಇದ್ದದ್ದು ಆರುನೂರು, ಕಡಿಮೆ ಬಿದ್ದದ್ದು ಇನ್ನೂರ ಐವತ್ತು. ಬೀರುವಿನಲ್ಲಿ ಯಾವುದೋ ಚಿಲ್ಲರೆ ಮುನ್ನೂರ ಐವತ್ತು ಹೆಚ್ಚಿಗೆ ಇದ್ದುಬಿಟ್ಟಿತ್ತು. ಎರಡೂ ಒಂದೇ ಆಗಿದ್ದರೆ ಆವತ್ತೇ ಹೊಳೆಯುತ್ತಿರಲಿಲ್ಲವೇ? ಯಾರಿಗಾದರೂ ಹೊಳೆಯುತ್ತಿತ್ತು. ಬೇರೆ ಬೇರೆ ಇದ್ದುದರಿಂದ ಹೊಳೆಯಲಿಲ್ಲ. ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು. ಹೊಳೆಯಲಿಲ್ಲ ಎನ್ನುವುದು ನಿಜವೇ? ಎಣಿಕೆಯಾದ ನಾಲ್ಕನೆಯ ದಿನ, ಶ್ರೀನಿವಾಸಪುರದ ಬಸ್ ಸ್ಟಾಂಡಿನ ಎದುರು ಬೋಂಡ ತಿನ್ನುತ್ತ ನಿಂತಿದ್ದ. ಕಾಗದದಲ್ಲಿ ಎಣ್ಣೆ. ನಿಧಿಯನ್ನು ಯಾವ ಗುಂಪಿಗೆ ಹಾಕಿದೆ ನಾನು, ಎಂದು ಒಂದು ಮಾತು, ಯಾರೋ ಪಕ್ಕದಲ್ಲಿ ನಿಂತು ಕೇಳಿದ ಹಾಗೆ, ಸ್ಪಷ್ಟವಾಗಿ ಕೇಳಿಸಿತ್ತು. ಆಗ ಇನ್ನೂ ದುಡ್ಡು ಬಂದಿರಲಿಲ್ಲ. ಆಫೀಸಿಗೆ ಐದು ನಿಮಿಷದ ದಾರಿ. ಕದಿರೇಶ ಇನ್ನೊಂದು ಬೋಂಡ ಕೇಳಿ ತೆಗೆದುಕೊಂಡ. ಅದನ್ನು ಪೂರ್ತಿ ತಿಂದ. ಆಮೇಲೆ ಆ ಮಾತು ಮತ್ತೆ ಬರಲಿಲ್ಲ. ಬಂದರೆ ಎಂದು ಅವನೂ ಕೆಲವು ತಿಂಗಳು ಒಬ್ಬನೇ ನಿಲ್ಲದ ಹಾಗೆ ನೋಡಿಕೊಂಡ.

ಮುಳಬಾಗಿಲಿನ ಪೇಟೆಯಲ್ಲಿ ಅಜ್ಮತುಲ್ಲಾನ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ತಕ್ಕಡಿ ರಿಪೇರಿ. ಒಂದು ಹಲಗೆ, ಅದರ ಮೇಲೆ ನೇತುಬಿದ್ದ ತಟ್ಟೆಗಳು, ಬಿಚ್ಚಿಟ್ಟ ಎಲೆಕ್ಟ್ರಾನಿಕ್ ಮಾಪಕ, ತೂಕದ ಕಬ್ಬಿಣದ ಬಟ್ಟುಗಳು. ಹಿಂದೆ ಪರದೆ, ಪರದೆಯ ಹಿಂದೆ ಮನೆ. ಟೋಪಿ ಅದೇ. ಕೆನ್ನೆ ಒಳಗೆ ಹೋಗಿತ್ತು.

“ಅರೆ, ಕದಿರೇಶ್ ಸಾರ್! ಬನ್ನಿ ಬನ್ನಿ. ದಿಲ್ಷಾದ್, ಚಾಯ್!” ಸ್ಟೂಲನ್ನು ತನ್ನ ಟವೆಲಿನಿಂದಲೇ ಒರೆಸಿ ಮುಂದಿಟ್ಟ. “ಹೆಂಗೈತೆ ಸೀಜನ್ನು? ತೋತಾಪುರಿ ರೇಟ್ ಬಿದ್ದೋಯ್ತಂತೆ?”

“ಬಿದ್ದೋಗಿದೆ.”

“ಬಾದಾಮಿ ಪರ್ವಾಗಿಲ್ಲ ಅಂದ್ರು.”

“ಪರ್ವಾಗಿಲ್ಲ.”

ಚಹಾ ಬಂತು. ತಂದವಳು ದಿಲ್ಷಾದ್, ಅಜ್ಮತುಲ್ಲಾನ ಹೆಂಡತಿ. ಲೋಟ ಇಟ್ಟು ಒಳಗೆ ಹೋಗದೆ ಪರದೆ ಹಿಡಿದು ನಿಂತಳು. ಕಂಪನಿಯಿಂದ ಯಾರಾದರೂ ಬಂದರೆ ಏಕೆ ಬಂದರು ಎಂದು ತಿಳಿಯದೆ ಒಳಗೆ ಹೋಗುವ ಹೆಂಗಸಲ್ಲ ಎನ್ನುವುದು ಅವಳ ನಿಲುವಿನಲ್ಲೇ ಇತ್ತು. ಕದಿರೇಶ ಹಣ್ಣಿನ ರೇಟು ಹೇಳಿದ, ಮಳೆ ಹೇಳಿದ, ಶೀತಲ ಕೋಣೆ ಹೇಳಿದ. ಅಜ್ಮತುಲ್ಲಾ ಎಲ್ಲಕ್ಕೂ ಹೂಂಗುಟ್ಟುತ್ತ ಒಂದು ಸ್ಪ್ರಿಂಗನ್ನು ಬೆರಳಿನಲ್ಲಿ ಎಳೆದು ಬಿಡುತ್ತಿದ್ದ. ಕೊನೆಗೆ ಕದಿರೇಶ ಚಹಾದ ಲೋಟದೊಳಕ್ಕೆ ನೋಡುತ್ತ ಹೇಳಿದ.

“ಆ ದುಡ್ಡು ಕಡಿಮೆ ಬಿದ್ದೇ ಇರ್ಲಿಲ್ಲ ಸಾಬ್ರೇ.”

“ಯಾವ್ದು ಸಾರ್?”

“ಅದೇ. ಎರಡು ಲಕ್ಷ. ಅದು ದುಡ್ಡೇ ಅಲ್ಲ. ಮೆಷಿನ್ ಸವೆದಿದ್ದಕ್ಕೆ ಬರೆಯೋ ಲೆಕ್ಕ. ಡೈರೆಕ್ಟರುಗಳಿಗೆ ಕಾಣ್ಲಿ ಅಂತ ನಾನೇ ಅದನ್ನ ನಗದು ಅಂತ ಹಾಕ್ಬಿಟ್ಟಿದ್ದೆ. ಬೀರೂಲಿ ಯಾವತ್ತೂ ಇರ್ಲೇ ಇಲ್ಲ. ನೀವು ತಂದು ಕೊಟ್ರಿ, ಇಲ್ಲದೇ ಇದ್ದಿದ್ದಕ್ಕೆ.”

ಹೇಳಿ ಮುಗಿಸಿದ ಕೂಡಲೇ ಒಂದು ಹಗುರು ಬಂತು ಅವನಿಗೆ, ನಾಚಿಕೆಯಿಲ್ಲದ ಹಗುರು. ಈಗ ಇವನು ಅಳುತ್ತಾನೆ, ಅಥವಾ ಹೊಡೆಯುತ್ತಾನೆ, ಎರಡೂ ಆಗಬಹುದು ಎಂದು ಕಾದ. ಅಜ್ಮತುಲ್ಲಾ ಸ್ಪ್ರಿಂಗನ್ನು ಹಲಗೆಯ ಮೇಲಿಟ್ಟ. ಅದು ಉರುಳದ ಹಾಗೆ ಪಕ್ಕಕ್ಕೆ ಒಂದು ತೂಕದ ಬಟ್ಟು ಇಟ್ಟ. ಆಮೇಲೆ ತುಂಬ ಮೆಲ್ಲಗೆ ಕೇಳಿದ.

“ಹಾಗಾದ್ರೆ ಶಾರುಖ್ ಯಾಕ್ ಒಪ್ಕೊಂಡ?”

ಕದಿರೇಶನಿಗೆ ಅರ್ಥವಾಗಲಿಲ್ಲ. ಶಾರುಖ್ ಅಜ್ಮತುಲ್ಲಾನ ಮಗ, ಇಪ್ಪತ್ತೊಂಬತ್ತೋ ಮೂವತ್ತೋ. ಸ್ವಂತದ್ದೊಂದು ಗೂಡ್ಸ್ ಗಾಡಿಯಲ್ಲಿ ಬೈರಕೂರಿನ ಕಡೆಯಿಂದ ತರಕಾರಿ ಹೊಡೆಯುತ್ತಿದ್ದ. ಸೀಜನ್ನಿನಲ್ಲಿ ಅಪ್ಪನನ್ನು ಬ್ಯಾಂಕಿಗೆ ಬಿಟ್ಟು ಕರೆತರುತ್ತಿದ್ದವನು ಅವನೇ.

“ಅವ್ನು ಏನ್ ಒಪ್ಕೊಂಡ?”

“ಅವ್ನು ತಗೊಂಡೆ ಅಂತ,” ಎಂದಳು ದಿಲ್ಷಾದ್ ಪರದೆಯ ಹತ್ತಿರದಿಂದ. “ಇವ್ರು ಎಣಿಕೆಯಾದ ದಿನದಿಂದ ಊಟ ಬಿಟ್ರು. ಪೇಪರ್ ಹರ್ದು ಹರ್ದು ಕಟ್ಟು ಕಟ್ಟೋರು, ಎಣ್ಸೋರು. ನನ್ ತಲೆ ಹೋಯ್ತು, ಯಾರಿಗೋ ಎರಡ್ ಸಲ ಕೊಟ್ಬಿಟ್ಟಿದೀನಿ, ಯಾರಿಗೆ ಅಂತ ನೆನ್ಪಿಲ್ಲ, ಅಂತ ಗೋಡೆಗೆ ಹಣೆ ಕುಟ್ಕೊಳ್ಳೋರು. ಕೋಲಾರಕ್ಕೆ ಡಾಕ್ಟರ್ ಹತ್ರ ಕರ್ಕೊಂಡೋದ್ವಿ. ಒಂದಿನ ಮಗ ಬಂದು ಕೂತ್ಕೊಂಡು, ಅಬ್ಬಾ ನಿನ್ ತಲೆ ಸರಿಯಾಗಿದೆ, ಬ್ಯಾಂಕಿಂದ ತರೋ ಬ್ಯಾಗಿಂದ ನಾನೇ ತಗೊಂಡೆ, ಅಂದ. ಗಾಡಿ ಮಾರಿ ದುಡ್ಡು ತಂದಿಟ್ಟ. ಇವ್ರು ಆವತ್ತು ಊಟ ಮಾಡಿದ್ರು. ಊಟ ಮಾಡಿ ಎದ್ದು, ಈ ಮನೇಲಿ ಕಳ್ಳನಿಗೆ ಜಾಗ ಇಲ್ಲ ಅಂದ್ರು. ಆವತ್ತೇ ಹೋದ. ಈಗ ಕೋಲಾರದ ಟೊಮೆಟೊ ಮಂಡೀಲಿ ಬೇರೆಯವ್ರ ಗಾಡಿ ಓಡಿಸ್ತಾನೆ.”

“ಆಣೆ ಹಾಕಿ ಹೇಳ್ದ,” ಎಂದ ಅಜ್ಮತುಲ್ಲಾ. ತನಗೆ ತಾನೇ ಹೇಳಿಕೊಂಡ ಹಾಗಿತ್ತು. “ಎಲ್ಲಿ ಖರ್ಚ್ ಮಾಡ್ದೆ ಅಂತ ಕೇಳ್ದೆ. ಅದನ್ನೂ ಹೇಳ್ದ. ಇಸ್ಪೀಟು ಅಂದ.”

“ಇಸ್ಪೀಟ್ ಮುಟ್ಟಿದ್ ಹುಡುಗನಾ ಅವ್ನು? ನಾನ್ ಆವತ್ತೇ ಬಡ್ಕೊಂಡೆ. ಕೇಳಿದ್ರಾ ನೀವು?”

ಅಂಗಡಿಗೆ ಯಾರೋ ತರಕಾರಿಯವನು ರಿಪೇರಿಗೆ ಕೊಟ್ಟ ತಕ್ಕಡಿ ಕೇಳಿಕೊಂಡು ಬಂದು, “ಆಯ್ತಾ ಭಾಯ್?” ಎಂದ. ಮೂವರ ಮುಖ ನೋಡಿ ಅಲ್ಲೇ ನಿಂತ. ಕದಿರೇಶ ಸ್ಟೂಲಿನ ಮೇಲೆ ಕೂತೇ ಇದ್ದ. ದುಡ್ಡು ವಾಪಸು ಕೊಡಿಸಿದರೆ ಮುಗಿಯಿತು ಎಂದು ಬಸ್ಸಿನಿಂದ ಇಳಿಯುವಾಗ ಅಂದುಕೊಂಡಿದ್ದ. ಒಂದು ಎಂಟ್ರಿ, ಒಂದು ಚೆಕ್ಕು. ಇಲ್ಲಿ ನೋಡಿದರೆ ಇಲ್ಲದ ದುಡ್ಡಿಗೆ ಒಬ್ಬ ಕಳ್ಳನೂ ಹುಟ್ಟಿಕೊಂಡಿದ್ದ, ಅವನಿಗೊಂದು ಇಸ್ಪೀಟಿನ ಚಟವೂ ಬಂದಿತ್ತು, ಎರಡು ವರ್ಷದಿಂದ ಅವನು ಮನೆಗೆ ಬಂದಿರಲಿಲ್ಲ. ಇಷ್ಟೆಲ್ಲ ಒಂದು ಗುಂಪು ಒತ್ತಿದ್ದಕ್ಕೆ. ಇಲ್ಲ, ಒತ್ತಿದ್ದಕ್ಕೆ ಅಲ್ಲ. ಒತ್ತಿದ್ದು ತಪ್ಪು, ತಪ್ಪನ್ನು ಯಾರೂ ಮಾಡಬಹುದು. ಆಮೇಲಿನದು ಬೇರೆ. ಎಲ್ಲಿಂದಲೋ ಬೋಂಡದ ಎಣ್ಣೆಯ ವಾಸನೆ ಬಂತು. ಜೇಬಿನಲ್ಲಿ ಫೋನು ಅದುರಿತು. ಪದ್ಮಶ್ರೀ.

“ಸರ್, ಮೂರೂವರೆ ಆಯ್ತು. ಫೈಲ್ ಸಿಕ್ತಾ? ಆ ಎರಡು ಲಕ್ಷಕ್ಕೆ ಏನ್ ಹೆಸರು ಕೊಡ್ಲಿ? ಹೆಸರಿಲ್ದೆ ಬ್ಯಾಂಕ್ನೋರು ತಗೊಳ್ಳಲ್ಲ.” ಹಿಂದಿನಿಂದ ಚನ್ನರಾಯಪ್ಪನ ದನಿ: “ಇತರೆ ಆದಾಯ ಅಂತ ಹಾಕ್ಬಿಡಮ್ಮ, ಅವ್ನನ್ನೇನ್ ಕೇಳೋದು.”

ಅಜ್ಮತುಲ್ಲಾ ನೆಲ ನೋಡುತ್ತಿದ್ದ. ದಿಲ್ಷಾದ್ ಕದಿರೇಶನನ್ನು ನೋಡುತ್ತಿದ್ದಳು.

“ಆದಾಯ ಅಲ್ಲ,” ಎಂದ ಕದಿರೇಶ. “ಬರ್ಕೋ. ಶಾರುಖ್, ತಂದೆ ಅಜ್ಮತುಲ್ಲಾ, ಮುಳಬಾಗಿಲು. ಅವನಿಗೆ ಕಂಪನಿ ಕೊಡ್ಬೇಕಾದ ಬಾಕಿ. ಎರಡು ಲಕ್ಷದ ಹದಿನಾಲ್ಕು ಸಾವಿರದ ಇನ್ನೂರ ಐವತ್ತು.”

ಆ ಕಡೆ ಫೋನು ಕೈ ಬದಲಾಯಿತು. “ಏನ್ಲಾ ಅದು, ಕದಿರೇಶ? ಬ್ಯಾಂಕ್ನೋರ ಮುಂದೆ ಬಾಕಿ ತೋರಿಸ್ತೀಯಾ? ತಲೆ ನೆಟ್ಟಗಿದ್ಯಾ? ಸಾಲ ಹೋದ್ರೆ ನಿನ್ ಕುರ್ಚಿನೂ ಹೋಗತ್ತೆ, ನೋಡ್ಕೋ.”

“ಅವ್ರು ಕದ್ದಿರ್ಲಿಲ್ಲ. ಕಡಿಮೆನೂ ಬಿದ್ದಿರ್ಲಿಲ್ಲ. ತಪ್ಪು ನಂದು. ಬಂದು ಎಲ್ಲ ಹೇಳ್ತೀನಿ.”

“ಬಾ, ಬಾ. ನಿಂಗೈತೆ,” ಎಂದು ಚನ್ನರಾಯಪ್ಪ ಇಟ್ಟುಬಿಟ್ಟ.

ಕದಿರೇಶ ಫೋನನ್ನು ಜೇಬಿಗೆ ಹಾಕಿಕೊಳ್ಳುವಾಗ ತನ್ನ ದನಿಯನ್ನು ತಾನೇ ಮೆಚ್ಚಿಕೊಂಡು ಕೇಳಿದ್ದು ಗೊತ್ತಾಗಿ ಅಸಹ್ಯವಾಯಿತು. ತರಕಾರಿಯವನು ಕೂಡ ಮೆಚ್ಚಿಕೊಂಡ ಹಾಗೆ ನೋಡುತ್ತಿದ್ದ. ದಿಲ್ಷಾದ್ ಮೆಚ್ಚಿಕೊಂಡಿರಲಿಲ್ಲ.

“ಯಾವತ್ತು ಗೊತ್ತಾಯ್ತು ನಿಮ್ಗೆ?” ಎಂದು ಕೇಳಿದಳು.

ಇವತ್ತು ಬೆಳಿಗ್ಗೆ ಎನ್ನಬಹುದಿತ್ತು. ಅರ್ಧ ನಿಜ. ಹುಡುಗಿ ತೋರಿಸಿದ್ದು ಇವತ್ತು ಬೆಳಿಗ್ಗೆಯೇ. ಅಜ್ಮತುಲ್ಲಾ ನಂಬುತ್ತಿದ್ದ, ಕಂಪ್ಯೂಟರಿನ ಪರದೆ ತಿರುಗಿಸಿ ತೋರಿಸಿದ್ದನ್ನೂ ನಂಬಿದವನು.

“ಒಂದ್ ಸಲ ಮನಸ್ಸಿಗೆ ಬಂದಿತ್ತಮ್ಮ,” ಎಂದ. “ನೀವಿನ್ನೂ ದುಡ್ಡು ಕಟ್ಟಿರ್ಲಿಲ್ಲ. ಹೋಗಿ ನೋಡಿದ್ರೆ ಆಗ್ತಿತ್ತು. ನೋಡ್ಲಿಲ್ಲ.”

ದಿಲ್ಷಾದ್ ಮುಂದೆ ಬಂದಳು. ಲೋಟ ಎತ್ತಿಕೊಂಡಳು; ಅದರಲ್ಲಿ ಇನ್ನೂ ಅರ್ಧ ಚಹಾ ಇತ್ತು. ಹೊರಗಿನ ಮೋರಿಗೆ ಚೆಲ್ಲಿ, ಲೋಟವನ್ನು ಒಳಗಿಟ್ಟು ಬಂದಳು. ಆಮೇಲೆ ಗಂಡನ ಅಂಗಿಯ ಜೇಬಿನಿಂದ ಅವನ ಫೋನು ತೆಗೆದು, ಹುಡುಕಿ, ಒತ್ತಿ, ಅವನ ಮುಂದೆ ಹಿಡಿದಳು. ಅಜ್ಮತುಲ್ಲಾ ಎರಡೂ ಕೈ ಹಿಂದಕ್ಕೆ ಎಳೆದುಕೊಂಡ. “ನಂಗ್ ಬಾಯಿಲ್ಲ,” ಎಂದ, “ನಾನ್ ಏನಂತ ಮಾತಾಡ್ಲಿ ಅವ್ನ ಹತ್ರ.” ದಿಲ್ಷಾದ್ ಫೋನನ್ನು ಕದಿರೇಶನ ಕೈಗೆ ಕೊಟ್ಟಳು. ಆಗಲೇ ಅದು ರಿಂಗಾಗುತ್ತಿತ್ತು.

ಎರಡನೆಯ ರಿಂಗಿಗೇ ಶಾರುಖ್ ಎತ್ತಿದ. ಆ ಕಡೆ ಮಂಡಿಯ ಗದ್ದಲ, ಕ್ರೇಟುಗಳು ಒಂದರ ಮೇಲೊಂದು ಬೀಳುವ ಸದ್ದು, ಯಾರೋ ತೆಲುಗಿನಲ್ಲಿ ಹರಾಜು ಕೂಗುತ್ತಿದ್ದರು. ಅದೆಲ್ಲದರ ಮೇಲೆ, ಓಡಿ ಬಂದವನ ಉಸಿರಿನಲ್ಲಿ, “ಅಬ್ಬಾ? ಹೇಳಿ ಅಬ್ಬಾ.”

ಕದಿರೇಶ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ. ಬೇರೆಯವನ ಮನೆಗೆ ಬಾಗಿಲು ತಟ್ಟದೆ ನುಗ್ಗಿದ ಹಾಗೆ ಅನಿಸಿತು.

“ಅಬ್ಬಾ? ಅಮ್ಮಿ ಚೆನ್ನಾಗಿದಾರಾ? ಯಾಕ್ ಮಾತಾಡ್ತಿಲ್ಲ?”

“ಅಬ್ಬಾ ಅಲ್ಲಪ್ಪ,” ಎಂದ. “ನಾನು ಕದಿರೇಶ. ಕಂಪನಿಯವ್ನು.” ಆ ಕಡೆಯಿಂದ ಹರಾಜಿನ ಕೂಗು ಮಾತ್ರ ಕೇಳಿಸುತ್ತಿತ್ತು. ಇಟ್ಟುಬಿಡುತ್ತಾನೆ ಎಂದು ಹೆದರಿ ಗಡಿಬಿಡಿಯಲ್ಲಿ ಹೇಳಿದ. “ನೀನು ಆ ದುಡ್ಡು ತಗೊಂಡಿರ್ಲಿಲ್ಲ. ಅಲ್ಲಿ ದುಡ್ಡೇ ಇರ್ಲಿಲ್ಲ. ಲೆಕ್ಕ ನಾನು ತಪ್ಪು ಬರ್ದಿದ್ದೆ. ಗೊತ್ತಾದ್ಮೇಲೂ ಬಾಯ್ಬಿಡ್ಲಿಲ್ಲ.”

ಕ್ರೇಟುಗಳ ಸದ್ದು ದೂರವಾಯಿತು; ಗದ್ದಲದಿಂದ ಆಚೆಗೆ ನಡೆಯುತ್ತಿದ್ದ ಹಾಗಿತ್ತು.

“ಅಬ್ಬಾ ಪಕ್ಕದಲ್ಲಿದಾರಾ?” ಎಂದು ಕೇಳಿದ ಶಾರುಖ್.

“ಇದಾರೆ.”

“ಹಾಗಾದ್ರೆ ಜೋರಾಗಿ ಹೇಳಿ ಸಾರ್.”

ಕದಿರೇಶ ಸ್ಟೂಲು ಬಿಟ್ಟು ಎದ್ದು ನಿಂತ.